ಸುಮ್ನ ಅಡ್ಡ್ಯಾಡ್ಲಾಕ

ಯುಗಾದಿ ಮುಗಿದ ವಾರ ಮೂರು ದಿನ ಪಣಜಿಗೆ ಹೋಗಿಬರುತ್ತೇನೆ ಎಂದಾಗ ಅವ್ವ ಜೋಳ ಹಸನು ಮಾಡುತ್ತಿದ್ದಳು. ಮೊರದಿಂದ ಕಣ್ಣೆತ್ತದೆ ಕೇಳಿದಳು: “ಯಾ ಕೆಲಸಕ್ಕ?”

“ಕೆಲಸ ಏನಿಲ್ಲವ್ವ. ಸುಮ್ನ ಅಡ್ಡ್ಯಾಡ್ಲಾಕ.”

ಮೊರ ನಿಂತಿತು. “ಅಡ್ಡ್ಯಾಡ್ಲಾಕ ಅಂತ ಊರಾಗ ಯಾರ ಮುಂದೂ ಹೇಳಬ್ಯಾಡ. ಸೆಮಿನಾರ್ ಅದ ಅನ್ನು.”

ನಾವು ಮೂವರು. ಆಳಂದದ ಒಬ್ಬಳು, ಅಫಜಲಪುರದ ಒಬ್ಬಳು, ಜೇವರ್ಗಿ ತಾಲ್ಲೂಕಿನ ನಾನು. ಮೂವರೂ ಸಂಶೋಧನಾ ವಿದ್ಯಾರ್ಥಿನಿಯರು, ಮೂವರಿಗೂ ಇಪ್ಪತ್ತೈದು ದಾಟಿದೆ. ಆಳಂದದವಳು ಮನೆಯಲ್ಲಿ ‘ಫೀಲ್ಡ್ ವರ್ಕ್’ ಎಂದಿದ್ದಾಳೆ. ಅಫಜಲಪುರದವಳು ಸವದತ್ತಿ ಎಲ್ಲಮ್ಮನ ಹೆಸರು ಹೇಳಿದ್ದಾಳೆ. ಪ್ರಬಂಧ ಬರೆದು ಡಾಕ್ಟರೇಟ್ ಪಡೆಯಲು ಹೊರಟವರಿಗೆ, ಸಮುದ್ರ ನೋಡಲು ಹೋಗುತ್ತೇವೆ ಎಂಬ ಒಂದು ಸಾಲು ನಿಜ ಹೇಳುವ ಧೈರ್ಯವಿಲ್ಲ. ಈ ಲೇಖನ ಆ ನಾಚಿಕೆಯ ವಿರುದ್ಧ.

ನಮ್ಮ ಕಡೆ ಸಮುದ್ರದ ದಿಕ್ಕು ಎಂದರೆ ದುಡಿಮೆಯ ದಿಕ್ಕು. ಸುಗ್ಗಿ ಮುಗಿದರೆ ಗಂಟುಮೂಟೆ ಕಟ್ಟಿಕೊಂಡು ಮುಂಬೈಗೆ, ಪುಣೆಗೆ, ಗೋವಾಕ್ಕೆ. ನನ್ನ ಸೋದರಮಾವ ಮೂರು ವರ್ಷ ಪಣಜಿಯ ಸುತ್ತಮುತ್ತ ಕಟ್ಟಡಗಳಿಗೆ ಕಾಂಕ್ರೀಟ್ ಹೊತ್ತವನು. ಸಮುದ್ರ ನೋಡಿದ್ದೀಯಾ ಎಂದು ಕೇಳಿದೆ. “ನೋಡೀನಲ್ಲ. ಸ್ಲ್ಯಾಬಿನ ಮ್ಯಾಲಿಂದ.” ಕಾಲು ನೆನೆಸಿದ್ದೀಯಾ? ಇಲ್ಲ. ರವಿವಾರ ಸಂತೆ, ಬಟ್ಟೆ ಒಗೆಯುವುದು, ನಿದ್ದೆ. ಜೊತೆಗೆ, ಕೆಲಸದ ಬಟ್ಟೆಯಲ್ಲಿ ದಂಡೆಗೆ ಹೋದರೆ ನೋಡುವವರ ಕಣ್ಣು. ಘಟ್ಟದ ಮೇಲಿನಿಂದ ಬಂದ ಕೂಲಿಯವರನ್ನು ಅಲ್ಲಿ ‘ಘಾಂಟಿ’ ಎನ್ನುತ್ತಾರೆ. ಅದು ಬರೀ ಭೂಗೋಳದ ಪದವಲ್ಲ ಎಂಬುದು ಅದನ್ನು ಕೇಳಿಸಿಕೊಂಡವರಿಗೆ ಗೊತ್ತು.

ಈ ಪ್ರವಾಸಕ್ಕೆಂದು ನಾನು ಓದಿದ ಲೇಖನಗಳನ್ನೆಲ್ಲ ಒಟ್ಟಿದರೆ ಒಂದು ಅಧ್ಯಾಯವಾದೀತು. ‘ವಸಂತದಲ್ಲಿ ನಡೆದೇ ನೋಡಬಹುದಾದ ಕಡಲೂರುಗಳು’: ಪುದುಚೇರಿ, ಫೋರ್ಟ್ ಕೊಚ್ಚಿ, ಪಣಜಿ. ಎಲ್ಲವೂ ಬೆಂಗಳೂರಿನ ಮೆಜೆಸ್ಟಿಕ್‌ನಿಂದಲೇ ಹೊರಡುತ್ತವೆ. ಕಲಬುರಗಿಯಿಂದ ಬೆಂಗಳೂರಿಗೇ ಸುಮಾರು 600 ಕಿ.ಮೀ.; ಪಣಜಿ ಅದಕ್ಕಿಂತ ಹತ್ತಿರ. ಆದರೆ ಹತ್ತಿರವೆಂದು ನಮಗೆ ಯಾರೂ ಹೇಳುವುದಿಲ್ಲ, ಯಾಕೆಂದರೆ ಆಳಂದದಿಂದ ಯಾರಾದರೂ ರಜೆಗೆ ಹೊರಟಾರು ಎಂಬ ಕಲ್ಪನೆಯೇ ಆ ಬರಹಗಳಿಗಿಲ್ಲ. ಇನ್ನು ‘ವಸಂತದ ಹಿತವಾದ ಬಿಸಿಲು’! ನಮ್ಮಲ್ಲಿ ವಸಂತವೆಂದರೆ ಯುಗಾದಿಯ ಬೇವಿನ ಪಾನಕದಲ್ಲಿ ತೇಲುವ ಹೂವು, ಅದು ಗಂಟಲಿಳಿಯುವ ಹೊತ್ತಿಗೆ 40 ಡಿಗ್ರಿಯ ಹತ್ತಿರ ಬಂದಿರುವ ಬಿಸಿಲು.

‘ನಡೆದೇ ನೋಡಬಹುದು’ ಎಂಬ ಮಾತು ಓದಿ ನಗು ಬಂತು. ಅದೇ ಯುಗಾದಿಗೆ ನಮ್ಮ ಭಾಗದ ಜನ ಶ್ರೀಶೈಲಕ್ಕೆ ನೂರಾರು ಕಿಲೋಮೀಟರು ನಡೆಯುತ್ತಾರೆ, ಬಾಯಲ್ಲಿ ಮಲ್ಲಯ್ಯನ ಹೆಸರು, ಕಾಲಲ್ಲಿ ಬೊಬ್ಬೆ. ಆಷಾಢದಲ್ಲಿ ಪಂಢರಪುರದ ದಿಂಡಿ. ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ, ಭೀಮಾ ಅಮರ್ಜಾ ಕೂಡುವ ಸಂಗಮದಿಂದ ದತ್ತನ ಮಠದವರೆಗೆ ವರ್ಷವಿಡೀ ನಡೆಯುವವರೇ. ನಡಿಗೆ ನಮಗೆ ಹೊಸದಲ್ಲ. ಆದರೆ ನಮ್ಮ ಒಂದೊಂದು ನಡಿಗೆಗೂ ಒಂದು ಸಬೂಬು ಬೇಕು. ದೇವರು ಇಲ್ಲವೇ ದುಡಿಮೆ.

ಹೆಣ್ಣುಮಕ್ಕಳಿಗಂತೂ ತಲೆ ಮೇಲೆ ಏನಾದರೂ ಇರಲೇಬೇಕು. ಕೊಡ, ಬುತ್ತಿ, ಸೌದೆ, ತೊಗರಿಯ ಹೊರೆ. ಕೈ ಬೀಸಿಕೊಂಡು ಹೋದರೆ ಅನುಮಾನ. ಗಂಡಸರು ಬಸ್ ನಿಲ್ದಾಣದೆದುರಿನ ಚಹಾದಂಗಡಿಯಲ್ಲಿ ಮುಂಜಾನೆಯಿಂದ ಮಧ್ಯಾಹ್ನದವರೆಗೆ ಕೂತರೂ ಯಾಕೆಂದು ಕೇಳುವವರಿಲ್ಲ. ‘ಊರು ಅಡ್ಡಾಡುವವಳು’ ಎಂದರೆ ಮಾತ್ರ ಏನರ್ಥ ಎಂದು ವಿವರಿಸಬೇಕಿಲ್ಲ. ಶಿಲ್ಪಾ ಫಡ್ಕೆ, ಸಮೀರಾ ಖಾನ್, ಶಿಲ್ಪಾ ರಾನಡೆ ಸೇರಿ 2011ರಲ್ಲಿ ‘ವೈ ಲಾಯ್ಟರ್?’ ಎಂಬ ಇಂಗ್ಲಿಷ್ ಪುಸ್ತಕ ತಂದರು. ಮುಂಬೈ ಹೆಂಗಸರು ಕಾರಣವಿಲ್ಲದೆ ಬೀದಿಯಲ್ಲಿರುವ ಹಕ್ಕಿನ ಬಗ್ಗೆ. ಓದಿ ಹೊಟ್ಟೆಕಿಚ್ಚಾಯಿತು. ಅವರಿಗೆ ಅಡ್ಡಾಡಲು ಫುಟ್‌ಪಾತಾದರೂ ಇದೆ, ಸಮುದ್ರದ ದಂಡೆಯ ಕಟ್ಟೆಯಿದೆ. ಜೇವರ್ಗಿಯಲ್ಲಿ ನಾನು ಕಾಲೇಜಿಗೆ ನಡೆದದ್ದು ಹೆದ್ದಾರಿಯ ಅಂಚಿನ ಧೂಳಿನಲ್ಲಿ, ಲಾರಿಗಳಿಗೆ ದಾರಿ ಬಿಡುತ್ತಾ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಆಧಾರ್ ತೋರಿಸಿ, ಶೂನ್ಯ ಟಿಕೆಟ್ ಪಡೆದು, ರಾಜ್ಯದೊಳಗೆ ಕೆಂಪು ಬಸ್ಸಿನಲ್ಲಿ ಹೆಂಗಸರು ಎಲ್ಲಿಗಾದರೂ ಹೋಗಬಹುದು. ಆಗ ಎಂಥೆಂಥ ಮಾತು ಕೇಳಿದೆವು! ಹೆಂಗಸರು ಕೆಲಸವಿಲ್ಲದೆ ಸುಮ್ಮನೆ ತಿರುಗುತ್ತಿದ್ದಾರೆ, ಮನೆಯಲ್ಲಿ ಅಡುಗೆ ಇಲ್ಲ. ಬೈದವರ ಮೇಲೆ ನನಗೆ ಅಷ್ಟೇನೂ ಸಿಟ್ಟಿಲ್ಲ, ಅವರು ಮೊದಲಿಂದಲೂ ಹಾಗೆಯೇ. ಸಿಟ್ಟಿರುವುದು ಸಮರ್ಥಿಸಿಕೊಂಡವರ ಮೇಲೆ. ಇಲ್ಲ ಇಲ್ಲ, ಅವರು ಆಸ್ಪತ್ರೆಗೆ ಹೋಗುತ್ತಾರೆ, ಕೂಲಿಗೆ ಹೋಗುತ್ತಾರೆ, ಧರ್ಮಸ್ಥಳಕ್ಕೆ ಹೋಗುತ್ತಾರೆ ಎಂದು ಪಟ್ಟಿ ಕೊಟ್ಟರು. ಹೌದು, ಸುಮ್ಮನೆ ತಿರುಗುತ್ತಾರೆ, ಏನೀಗ ಎಂದವರು ಎಷ್ಟು ಜನ? ನಮ್ಮ ಪರವಾಗಿ ಮಾತಾಡುವವರೂ ನಮಗೊಂದು ಕೆಲಸ ಹಚ್ಚಿಯೇ ಮಾತಾಡುತ್ತಾರೆ.

ವಿದ್ಯಾವಂತರ ನಡುವೆಯೂ ಇದೇ ಕತೆ, ಭಾಷೆ ಮಾತ್ರ ನಯ. ಒಂದು ಗೋಷ್ಠಿಯಲ್ಲಿ ಪ್ರವಾಸ ಸಾಹಿತ್ಯದ ಬಗ್ಗೆ ಕೆಲಸ ಮಾಡುವ ಆಸೆಯಿದೆ ಎಂದೆ. ಹಿರಿಯರೊಬ್ಬರು ಪ್ರೀತಿಯಿಂದಲೇ ಹೇಳಿದರು: “ನಿಮ್ಮ ಭಾಗದವರು ಗುಳೆಯ ಬಗ್ಗೆ ಬರೆಯಬೇಕಮ್ಮಾ.” 2002ರ ನಂಜುಂಡಪ್ಪ ಸಮಿತಿಯ ವರದಿಯಲ್ಲಿ ನಮ್ಮ ಮೂರೂ ತಾಲ್ಲೂಕುಗಳು ‘ಅತ್ಯಂತ ಹಿಂದುಳಿದ’ 39ರ ಪಟ್ಟಿಯಲ್ಲಿವೆ. ಆ ವರದಿಯಿಲ್ಲದೆ 371(ಜೆ)ಗೆ ಬಲ ಬರುತ್ತಿರಲಿಲ್ಲ, 371(ಜೆ) ಇಲ್ಲದೆ ನನ್ನ ಗೆಳತಿಯರಲ್ಲಿ ಕೆಲವರಿಗೆ ಸೀಟು ಸಿಗುತ್ತಿರಲಿಲ್ಲ. ಅದರ ಋಣ ನನಗಿದೆ. ಆದರೆ ಆ ಪದ ಕಚೇರಿಯ ಕಡತದಿಂದ ಹೊರಬಂದು ನಮ್ಮ ಮೈಗೆ ಅಂಟಿಕೊಂಡಿದೆ. ಕನ್ನಡದ ಓದುಗನಿಗೆ ನಾವು ಬೇಕು: ಬರದಲ್ಲಿ, ಗುಳೆಯಲ್ಲಿ, ಆಳಂದದ ಲಾಡ್ಲೆ ಮಶಾಕರ ಉರುಸಿನ ಸೌಹಾರ್ದದಲ್ಲಿ. ಐಸ್‌ಕ್ರೀಮ್ ತಿನ್ನುತ್ತಾ ಕಡಲ ದಂಡೆಯಲ್ಲಿ ನಿಂತ ಜೇವರ್ಗಿ ಹುಡುಗಿ ಯಾವ ಕತೆಯಲ್ಲಿ ಹಿಡಿಸುತ್ತಾಳೆ?

“ಜನ ಹೊಟ್ಟೆಪಾಡಿಗೆ ಅದೇ ಊರಿಗೆ ಹೋಗಿ ಸಾಯುತ್ತಿರುವಾಗ ನಿಮಗೆ ವಿಹಾರವೇ?” ಎಂದೂ ಕೇಳಬಹುದು. ಕೇಳಿ. ಮಾವ ಮೂರು ವರ್ಷ ಹೊತ್ತ ಕಾಂಕ್ರೀಟಿನ ಮೇಲೆ ಯಾರೋ ಸಂಜೆ ಕೂತು ಗಾಳಿ ತಗೊಳ್ಳುತ್ತಿದ್ದಾರೆ. ನಾನು ಹೋಗದಿದ್ದರೆ ಮಾವನ ಬೆನ್ನು ನೆಟ್ಟಗಾಗುವುದಿಲ್ಲ. ದುಡಿಯಲು ಮಾತ್ರ ಕಡಲಿಗೆ ಹೋಗಬೇಕಾದವರು ಎಂಬ ಹಣೆಬರಹ ಅವನ ತಲೆಮಾರಿನಿಂದ ನನ್ನದಕ್ಕೆ ದಾಟುತ್ತದೆ, ಅಷ್ಟೇ.

ಯೋಜನೆ ಹೀಗಿದೆ. ನಮ್ಮ ಮೂರೂ ಪೇಟೆಗಳಿಗೆ ರೈಲಿಲ್ಲ, ಆದ್ದರಿಂದ ಬಸ್ಸು. ಜೇವರ್ಗಿ, ಸಿಂದಗಿ, ವಿಜಯಪುರ, ಬೆಳಗಾವಿ; ಇಷ್ಟೂ ಶೂನ್ಯ ಟಿಕೆಟ್. ಬೆಳಗಾವಿಯಿಂದ ಹೊರರಾಜ್ಯದ ಬಸ್ಸಿಗೆ ದುಡ್ಡು ಕೊಟ್ಟು, ಚೋರ್ಲಾ ಘಾಟ್ ಇಳಿದು ಪಣಜಿ. ಅಲ್ಲಿನ ಸರ್ಕಾರಿ ಬಸ್ಸಿಗೆ ಕದಂಬರ ಹೆಸರು, ಪಕ್ಕದಲ್ಲಿ ಹರಿಯುವ ಮಾಂಡೋವಿ ಖಾನಾಪುರದ ಕಾಡಿನಲ್ಲಿ ಹುಟ್ಟಿದ ನಮ್ಮ ಮಹದಾಯಿ. ಬಸ್ ನಿಲ್ದಾಣದಿಂದ ತೊರೆ ದಾಟಿದರೆ ಫೊಂಟೈನ್ಹಾಸ್‌ನ ಬಣ್ಣದ ಓಣಿಗಳು. ಬಾಗಿಲ ಮುಂದೆ ನಿಂತು ಫೋಟೊ ತೆಗೆಯಬೇಡಿ ಎಂದು ಅಲ್ಲಿಯವರು ಬೋರ್ಡು ಹಾಕಿದ್ದಾರಂತೆ, ನ್ಯಾಯವಾದ ಮಾತು, ತೆಗೆಯುವುದಿಲ್ಲ. ಇಮ್ಯಾಕ್ಯುಲೇಟ್ ಕನ್ಸೆಪ್ಷನ್ ಚರ್ಚಿನ ಬಿಳಿ ಮೆಟ್ಟಿಲು. ಬಿಸಿಲು ಇಳಿದ ಮೇಲೆ ಕಾಂಪಾಲಿನ ಮರದ ನೆರಳಲ್ಲಿ ನದಿಯುದ್ದಕ್ಕೂ ಮಿರಾಮಾರಿನವರೆಗೆ, ಸುಮಾರು ಮೂರು ಕಿಲೋಮೀಟರು. ಅಲ್ಲಿ ಕಾಲು ನೆನೆಸುವುದು. ಮಾರನೆಯ ದಿನ ಮತ್ತೆ ಅದೇ.

ಮೊನ್ನೆ ರಾತ್ರಿ ರೊಟ್ಟಿ ಬಡಿಯುತ್ತಾ ಅವ್ವ ಕೇಳಿದಳು: “ಬೆಳಗಾವಿ ತನಕ ಫ್ರೀ ಅದ ಅಂದ್ಯಲ್ಲ?”

“ಹೌದವ್ವ.”

“ಮುಂದ ಎಷ್ಟಾಗ್ತದ?”

ಅವಳ ಮೊಣಕಾಲಿಗೆ ಮೂರು ಕಿಲೋಮೀಟರು ಒಂದೇ ಉಸಿರಿಗೆ ಆಗದು. ನಡುವೆ ಎಲ್ಲೆಲ್ಲಿ ಕೂರಲು ಬೆಂಚುಗಳಿವೆ ಎಂದು ಈಗ ನಕ್ಷೆಯಲ್ಲಿ ಹುಡುಕುತ್ತಿದ್ದೇನೆ.