ಖಡಕ್ ರೊಟ್ಟಿ ಮತ್ತು ಬ್ರೆಡ್ ಲಾರಿ

ಆಗಸ್ಟ್ ಬಂತಂದ್ರೆ ನಮ್ಮ ರಾಯಚೂರು ಹುಡುಗರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಕ್ರಿಕೆಟ್ಟು, ಅಪ್ರೈಸಲ್ಲು, ಮದುವೆ ಸುದ್ದಿ ಎಲ್ಲ ನಿಂತು ಒಂದೇ ಪ್ರಶ್ನೆ ಓಡಾಡುತ್ತದೆ: 'ನಾರಾಯಣಪುರದಿಂದ ಎಷ್ಟು ಬಿಟ್ಟಾರ?' ಬೆಂಗಳೂರಿನ ಆಫೀಸಿನಲ್ಲಿ ನನ್ನ ಪಕ್ಕ ಕೂರುವವನಿಗೆ ಇದು ಷೇರು ಮಾರ್ಕೆಟ್ ಲೆಕ್ಕ ಇದ್ದಂಗೆ ಕಾಣುತ್ತೆ. ಬಸವಸಾಗರ ಜಲಾಶಯದಿಂದ ಕೃಷ್ಣೆಗೆ ಬಿಡುವ ನೀರು ಎರಡು ಲಕ್ಷ ಕ್ಯುಸೆಕ್ ದಾಟಿ ಏರತೊಡಗಿದರೆ ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆ ಮುಳುಗುವ ಮಾತು ಶುರುವಾಗುತ್ತದೆ. ಅದು ಮುಳುಗಿದರೆ ಶಹಾಪುರದ ಕಡೆಯ ರಸ್ತೆ ಬಂದ್. ಕೆಳಗೆ ರಾಯಚೂರು ತಾಲ್ಲೂಕಿನ ಕುರ್ವಕಲಾ, ಕುರ್ವಕುರ್ದಾದಂಥ ನಡುಗಡ್ಡೆ ಊರುಗಳಲ್ಲಿ ತೆಪ್ಪ ಬಿಡುವುದೂ ನಿಲ್ಲುತ್ತದೆ. 2019ರ ಆಗಸ್ಟಿನಲ್ಲಿ ಆ ಅಂಕಿ ಐದು ಲಕ್ಷ ಮೀರಿತ್ತು.

ಹಾಗೆ ಮನೆ ಬಿಟ್ಟು ಹೊರಡುವವರನ್ನು ಏನಂತ ಕರೀಬೇಕು? ನಿರಾಶ್ರಿತರು ಅಂದ್ರೆ ನಮಗೆ ನೆನಪಾಗೋದು ಟಿವಿಯಲ್ಲಿ ಕಂಡ ಸಿರಿಯಾ, ಗಾಜಾ. ನಮ್ಮ ಜಿಲ್ಲೆಯಲ್ಲೇ ಸಿಂಧನೂರಿನ ಆರ್‌ಎಚ್ ಕ್ಯಾಂಪ್‌ಗಳಿವೆ. ಪೂರ್ವ ಪಾಕಿಸ್ತಾನದಿಂದ, ಅಂದರೆ ಇಂದಿನ ಬಾಂಗ್ಲಾದೇಶದಿಂದ ಬಂದ ಬಂಗಾಳಿ ಕುಟುಂಬಗಳಿಗೆ ಅಲ್ಲಿ ನೆಲೆ ಕೊಟ್ಟು ಅರ್ಧ ಶತಮಾನವಾಯಿತು. ಅವರಲ್ಲಿ ಕೆಲವರ ಕೈಗೆ ಪೌರತ್ವದ ಪತ್ರ ಬಂದದ್ದು 2024ರಲ್ಲಿ! ಅವರ ಕಥೆ ಇನ್ನೊಮ್ಮೆ ಬರೀತೀನಿ. ಗಡಿ ದಾಟದೆ, ದೇಶದ ಒಳಗೇ ಮನೆ ಬಿಡಬೇಕಾದವರಿಗೂ ವಿಶ್ವಸಂಸ್ಥೆಯ 1998ರ ಮಾರ್ಗದರ್ಶಿ ತತ್ವಗಳಲ್ಲಿ ಒಂದು ಹೆಸರಿದೆ, ಆಂತರಿಕ ಸ್ಥಳಾಂತರಿತರು. ಪ್ರವಾಹಕ್ಕೆ ಊರು ಬಿಟ್ಟವರೂ ಅದರಲ್ಲಿ ಬರುತ್ತಾರೆ. ನಮ್ಮ ಕಡೆ ಅಷ್ಟುದ್ದದ ಹೆಸರು ಯಾರ ಬಾಯಲ್ಲೂ ಇಲ್ಲ, 'ಗಂಜಿ ಕೇಂದ್ರಕ್ಕ ಹೋಗ್ಯಾರ' ಅಂದರೆ ಮುಗೀತು. ಗಂಜಿ ಕೇಂದ್ರ ಈಗ ಸರ್ಕಾರಿ ಕಾಗದದಲ್ಲಿ ಕಾಳಜಿ ಕೇಂದ್ರ. ಹೆಸರು ಚಂದ ಇದೆ. ಕಟ್ಟಡ ಮಾತ್ರ ಸಾಮಾನ್ಯವಾಗಿ ಅದೇ ಸರ್ಕಾರಿ ಶಾಲೆ.

2009ರಲ್ಲಿ ನಾನು ಒಂಬತ್ತನೇ ಕ್ಲಾಸು. ಸೆಪ್ಟೆಂಬರ್ ಕೊನೆಗೆ ಶುರುವಾದ ಮಳೆ ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕವನ್ನೇ ಮುಳುಗಿಸಿತು. ರಾಜ್ಯದಲ್ಲಿ ಸತ್ತವರು ಇನ್ನೂರಕ್ಕೂ ಹೆಚ್ಚು. ತುಂಗಭದ್ರೆ ಮಂತ್ರಾಲಯದ ಮಠದೊಳಗೂ ನುಗ್ಗಿದ್ದಳು. ನಮ್ಮ ಸೋದರತ್ತೆಯ ಊರು ಮಾನ್ವಿ ತಾಲ್ಲೂಕಿನಲ್ಲಿ, ಅದೇ ಹೊಳೆದಂಡೆ. ಅತ್ತೆ, ಮಾವ, ಎರಡು ಎತ್ತು, ಒಂದು ಎಮ್ಮೆ ಎಲ್ಲರೂ ಊರ ಎತ್ತರದ ಗುಡಿ ಕಟ್ಟೆ ಮೇಲೆ ಎರಡು ರಾತ್ರಿ ಕಳೆದರು. ಮೊದಲು ಸಹಾಯಕ್ಕೆ ಬಂದದ್ದು ಪಕ್ಕದೂರಿನವರು. ಬುಟ್ಟಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಕ್ಯಾನಿನಲ್ಲಿ ನೀರು.

ಈ ಖಡಕ್ ರೊಟ್ಟಿ ವಿಷಯ ಸ್ವಲ್ಪ ಹೇಳಲೇಬೇಕು. ಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿದು, ಹೆಂಚಿನ ಮೇಲೆ ಹಪ್ಪಳದಂಗೆ ಒಣಗಿಸಿದರೆ ವಾರಗಟ್ಟಲೆ ಕೆಡಲ್ಲ. ಬಿಸಿ ಮಾಡೋದು ಬೇಡ, ಒಲೆ ಬೇಡ. ಚಟ್ನಿಪುಡಿಗೂ ನೀರು ತಾಗದಿದ್ದರೆ ಸಾಕು. 2019ರಲ್ಲೂ ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿ ಮನೆಮನೆಯಿಂದ ಹತ್ತು, ಇಪ್ಪತ್ತು ರೊಟ್ಟಿ ಕೂಡಿಸಿ ಗಾಡಿ ತುಂಬಿಸಿ ಕಳಿಸಿದರು. ಅದೇ ವಾರ ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ತುಂಬಿದ ಗಾಡಿಯಲ್ಲಿದ್ದದ್ದು ಬ್ರೆಡ್ಡು, ನೂಡಲ್ಸ್ ಪ್ಯಾಕೆಟ್ಟು ಮತ್ತು ಮೂಟೆಗಟ್ಟಲೆ ಹಳೆ ಬಟ್ಟೆ. ಬ್ರೆಡ್ ಮುಟ್ಟುವ ಹೊತ್ತಿಗೆ ಬೂಷ್ಟು ಹಿಡಿದಿತ್ತು. ನೂಡಲ್ಸ್ ಬೇಯಿಸಲು ಕುದಿಯುವ ನೀರು ಬೇಕಲ್ಲ, ಅದೆಲ್ಲಿಂದ ತರೋದು? ಹಳೆ ಬಟ್ಟೆ ಶಾಲೆಯ ವರಾಂಡದಲ್ಲಿ ರಾಶಿ ಬಿದ್ದು ಮಳೆಗೆ ನೆನೆಯಿತು. ಕಳಿಸಿದವರ ಮನಸ್ಸು ಕೆಟ್ಟದ್ದಲ್ಲ. ಏನು ಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ, ಅವರೂ ಯಾರನ್ನೂ ಕೇಳಿರಲಿಲ್ಲ. ಆಗ ನಮ್ಮ ಗ್ರೂಪಿನವನೊಬ್ಬ ದೇವದುರ್ಗದಿಂದ ಫೋನ್ ಮಾಡಿ ಹೇಳಿದ್ದು: 'ಬಟ್ಟಿ ಸಾಕ್ರಪ. ದನಕ್ಕ ಮೇವು ಕಳಸ್ರಿ, ತಾಡಪತ್ರಿ ಕಳಸ್ರಿ, ಹೆಣ್ಮಕ್ಕಳಿಗೆ ಪ್ಯಾಡು ಕಳಸ್ರಿ. ಇಲ್ಲಾಂದ್ರ ರೊಕ್ಕ ಹಾಕ್ರಿ, ನಾವ ತರ್ತೀವಿ.'

ಮೇವು ನನಗೆ ಹೊಳೆದೇ ಇರಲಿಲ್ಲ ಅಂತಲ್ಲ, ಆದರೆ ಬೆಂಗಳೂರಿನಿಂದ ಕಣಕಿ ಯಾರು ಕಳಿಸ್ತಾರೆ? ರೊಕ್ಕ ಹಾಕಿದ್ವಿ. ಹುಡುಗರು ರಾಯಚೂರಿನ ರಾಜೇಂದ್ರ ಗಂಜ್ ಕಡೆ ಪರಿಚಯದ ಅಂಗಡಿಯಲ್ಲಿ ಉದ್ರಿ ತಂದು, ನಾವು ಹಾಕಿದ ಹಾಗೆ ತೀರಿಸಿದರು. ಮೇವು ಹೋಗಿದ್ದಕ್ಕೆ ಕೆಲವರು ದನ ಮಾರದೆ ಉಳಿಸಿಕೊಂಡರು. ಪ್ರವಾಹದ ವಾರದಲ್ಲಿ ಎತ್ತು ಮಾರಿದವನು ಮುಂದಿನ ಬಿತ್ತನೆಗೆ ಬಾಡಿಗೆ ಎತ್ತು ಹುಡುಕಬೇಕು, ಇಲ್ಲವೇ ಗುಳೆ ಹೋಗಬೇಕು.

ದೊಡ್ಡ ದುಡ್ಡು ಬಂದಾಗಲೂ ಇದೇ ಪ್ರಶ್ನೆ. 2009ರ ನಂತರ ಸರ್ಕಾರ 'ಆಸರೆ' ಯೋಜನೆ ತಂದಿತು. ಸರ್ಕಾರದ ಜಾಗ, ಕಂಪನಿಗಳು, ಮಠಗಳು, ಟ್ರಸ್ಟ್‌ಗಳ ಕೈಯಿಂದ ಮನೆ. ಎತ್ತರದ ಜಾಗದಲ್ಲಿ ಸಾಲುಸಾಲಾಗಿ ಹೊಸ ಊರು ಎದ್ದವು. ಕೆಲವು ಕಡೆ ಜನ ಹೋಗಿ ನೆಲೆ ನಿಂತರು. ಕೆಲವು ಕಡೆ ಬಾಗಿಲು, ಕಿಟಕಿ ಕಳುವಾಗಿ ಜಾಲಿ ಬೆಳೆಯಿತು. ಅತ್ತೆಯನ್ನು ಒಮ್ಮೆ ಕೇಳಿದೆ, ಹೊಸ ಮನೆಗೆ ಯಾಕೆ ಹೋಗಲಿಲ್ಲ ಅಂತ. 'ಮನಿ ಚಂದ ಐತಿ ತಮ್ಮಾ. ಎತ್ತು ಎಲ್ಲಿ ಕಟ್ಟಲಿ, ನಿನ್ನ ತಲಿ ಮ್ಯಾಲ?' ಹೊಲಕ್ಕೆ ಹೋಗಲು ಮೂರು ಕಿಲೋಮೀಟರು, ಜೋಳದ ಚೀಲ ಇಡಲು ಜಾಗ ಇಲ್ಲ. ನಕ್ಷೆ ಬರೆಯುವಾಗ ಒಬ್ಬ ರೈತನನ್ನು ಪಕ್ಕ ಕೂರಿಸಿಕೊಂಡಿದ್ದರೆ ಅಂಗಳ ಅರ್ಧ ಗುಂಟೆ ದೊಡ್ಡದಾಗುತ್ತಿತ್ತು, ಅಷ್ಟೇ. ಅತ್ತೆಯ ಆಸರೆ ಮನೆಯಲ್ಲಿ ಈಗ ಹತ್ತಿ ತುಂಬುತ್ತಾರೆ.

ದೇವದುರ್ಗದ ಕಷ್ಟ ಇನ್ನೊಂದು ಥರ. ನಂಜುಂಡಪ್ಪ ವರದಿಯ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ ಅದೂ ಒಂದು. ಕೂಲಿಗೆ ಬೆಂಗಳೂರು, ಪುಣೆ ಅಂತ ಗುಳೆ ಹೋಗುವವರು ಬಹಳ. ನಮ್ಮ ಬಿಲ್ಡಿಂಗಿನ ಪಕ್ಕ ಗಾರೆ ಕೆಲಸಕ್ಕಿದ್ದ ಅಕ್ಕ ಒಬ್ಬರು ಮೊದಲು ನನ್ನನ್ನು 'ಸರ' ಅಂತಿದ್ದರು. ನನ್ನ ಮಾತು ಕೇಳಿ ಊರು ತಿಳಿದ ಮೇಲೆ 'ತಮ್ಮ' ಆದೆ. 2019ರಲ್ಲಿ ಸರ್ಕಾರ ತಕ್ಷಣದ ಪರಿಹಾರ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂತ ಘೋಷಿಸಿತ್ತು. ಇವರ ಮನೆಯ ಎರಡು ಗೋಡೆ ಬಿದ್ದಿದ್ದವು. ಸರ್ವೆಗೆ ಬಂದವರು ಬೀಗ ನೋಡಿ ಮುಂದೆ ಹೋದರು. ವಾಸ ಇಲ್ಲ ಅಂತ ಬರೆದರಂತೆ. ದುಡಿಯಲಿಕ್ಕೆ ಊರು ಬಿಟ್ಟವರು, ಅದೇ ಕಾರಣಕ್ಕೆ ಊರಿನ ಲೆಕ್ಕದಿಂದಲೂ ಹೊರಗೆ! ಆಮೇಲೆ ಅವರ ಓಣಿಯ ಹುಡುಗರು, ಆಶಾ ಕಾರ್ಯಕರ್ತೆ ಸೇರಿ ಬೀಗ ಹಾಕಿದ ಮನೆಗಳನ್ನೆಲ್ಲ ದಿನಾಂಕ ಬರುವಂತೆ ಫೋಟೊ ತೆಗೆದು, ರೇಷನ್ ಕಾರ್ಡು ಜೋಡಿಸಿ ಅರ್ಜಿ ಹಾಕಿಸಿದರು. ಅಕ್ಕನಿಗೆ ಕೊನೆಗೆ ಸಿಕ್ಕಿದ್ದು ಭಾಗಶಃ ಹಾನಿಯ ದುಡ್ಡು. ಅದಾದರೂ ಬಂತಲ್ಲ.

2016ರಲ್ಲಿ ಇಸ್ತಾಂಬುಲ್‌ನ ವಿಶ್ವ ಮಾನವೀಯ ಶೃಂಗಸಭೆಯಲ್ಲಿ ದೊಡ್ಡ ದೇಶಗಳು, ಸಂಸ್ಥೆಗಳು ಕೂತು ಒಂದು ಒಪ್ಪಂದ ಮಾಡಿಕೊಂಡವು: 2020ರ ಹೊತ್ತಿಗೆ ನೆರವಿನ ಹಣದಲ್ಲಿ ಶೇ 25ರಷ್ಟು ಆದಷ್ಟು ನೇರವಾಗಿ ಸ್ಥಳೀಯರ ಕೈಗೆ ಹೋಗಬೇಕು. ನೇರವಾಗಿ ಹೋಗುವ ಪಾಲು ಇವತ್ತಿಗೂ ಒಂದಂಕಿಯಲ್ಲೇ ಇದೆ. ಆಡಿಟ್ ಬೇಕು, ಇಂಗ್ಲಿಷಿನಲ್ಲಿ ರಿಪೋರ್ಟ್ ಬೇಕು, ಅದು ಊರಿನ ಸಂಘಕ್ಕೆ ಆಗಲ್ಲ ಅನ್ನೋದು ಅವರ ಕಾರಣ. ಪೂರ್ತಿ ಸುಳ್ಳಲ್ಲ. ನಮ್ಮ ಹುಡುಗರ ಲೆಕ್ಕ ಇದ್ದದ್ದು ನೂರು ಪೇಜಿನ ನೋಟ್‌ಬುಕ್‌ನಲ್ಲಿ, ಅದರಲ್ಲೂ ಚಹಾದ ಕಲೆ.

ಸ್ಥಳೀಯರು ಅಂದ ತಕ್ಷಣ ಎಲ್ಲ ಸರಿ ಅಂತಲೂ ಅಲ್ಲ. ಊರು ಅಂದರೆ ಯಾರ ಊರು? ತಾಡಪತ್ರಿ ಹಂಚುವಾಗ ಗೌಡರ ಓಣಿಯಿಂದ ಶುರುವಾಗಿ ಕೇರಿಗೆ ಬರುವಷ್ಟರಲ್ಲಿ ಮುಗಿದು ಹೋಗಿದ್ದನ್ನು ನಮ್ಮ ಹುಡುಗರೇ ಕಂಡಿದ್ದಾರೆ. ಹೊಳೆಗೆ ಹತ್ತಿರ, ತಗ್ಗಿನಲ್ಲಿ ಇರೋದು ಹೆಚ್ಚಾಗಿ ಕೇರಿಯೇ. ಎರಡನೇ ಲೋಡಿಗೆ ಅವರು ಪದ್ಧತಿ ಬದಲಿಸಿದರು: ಪಟ್ಟಿ ಬರೆಯೋದು ಅಂಗನವಾಡಿ ಅಕ್ಕ ಮತ್ತು ಮಹಿಳಾ ಸಂಘದವರು, ಹಂಚಿಕೆ ಶುರು ತಗ್ಗಿನ ಮನೆಯಿಂದ. ಇದಕ್ಕೆ ಜಗಳ ಆಯಿತು. ಒಬ್ಬ ಹಿರಿಯರು 'ಇದೇನ್ ಹೊಸಾ ಕಾನೂನ್ರಲೇ' ಅಂತ ಟ್ರ್ಯಾಕ್ಟರ್ ಮುಂದೆ ನಿಂತುಬಿಟ್ಟರಂತೆ. ಟ್ರ್ಯಾಕ್ಟರ್ ಓಡಿಸುತ್ತಿದ್ದವನು ಅವರ ಅಳಿಯ. ಅವನು ಇಂಜಿನ್ ಆಫ್ ಮಾಡಿ, ಬೀಡಿ ಹಚ್ಚಿ, ಮಾವ ದಾರಿ ಬಿಡುವವರೆಗೂ ಸುಮ್ಮನೆ ಕೂತ. ಇಪ್ಪತ್ತು ನಿಮಿಷ ಹಿಡಿಯಿತಂತೆ.

ಆ ಸಲ ಉಳಿದ ದುಡ್ಡಿಗೆ ಏನು ಮಾಡೋಣ ಅಂತ ಬೆಂಗಳೂರಿನ ನಾವು ಒಂದು ವೋಟಿಂಗ್ ಇಟ್ಟಿದ್ವಿ. ಆ್ಯಪ್, ಲೈಫ್ ಜಾಕೆಟ್ಟು, ಸೋಲಾರ್ ದೀಪ ಅಂತ ಆಯ್ಕೆಗಳು. ಸಂಘದ ಹೆಣ್ಮಕ್ಕಳು ಕೇಳಿದ್ದು ಅಗಲವಾದ ಎರಡು ಕಬ್ಬಿಣದ ಪೆಟ್ಟಿಗೆ ಮತ್ತು ದಪ್ಪ ಪ್ಲಾಸ್ಟಿಕ್ ಚೀಲ: ಪಹಣಿ, ಆಧಾರ್, ಪಾಸ್‌ಬುಕ್, ಮಕ್ಕಳ ಮಾರ್ಕ್ಸ್ ಕಾರ್ಡು ಇಡಲಿಕ್ಕೆ. ಪೆಟ್ಟಿಗೆಗಳು ಈಗ ಎತ್ತರದ ಅಂಗನವಾಡಿಯಲ್ಲಿವೆ. ಕೀಲಿ ಮೂವರ ಹತ್ತಿರ, ಅದರಲ್ಲಿ ಒಂದು ಕೇರಿಯ ಮನೆಯಲ್ಲಿ.