ಕಾಲಿಡಬಾರದ ನಡುಗಡ್ಡೆ

ಅಜ್ಜಿಯರು ಹೇಳುವ ಕಥೆಗಳಲ್ಲಿ ಒಂದು ದ್ವೀಪವಿರುತ್ತದೆ. ಏಳು ಸಮುದ್ರಗಳ ಆಚೆ ಅದರ ಇರುವು. ಅಲ್ಲೊಂದು ಮರ, ಮರದಲ್ಲೊಂದು ಪಂಜರ, ಪಂಜರದೊಳಗೊಂದು ಗಿಳಿ. ಆ ಗಿಳಿಯಲ್ಲಿ ರಾಕ್ಷಸನ ಪ್ರಾಣ. ಸುತ್ತಲೂ ಹಾವು, ಮೊಸಳೆಗಳ ಕಾವಲು. "ಮೂರು ದಿಕ್ಕಿಗೆ ಬೇಕಾದರೆ ಹೋಗು, ನಾಲ್ಕನೆಯ ದಿಕ್ಕಿಗೆ ಮಾತ್ರ ಹೋಗಬೇಡ" ಎಂದು ಹಿರಿಯರು ರಾಜಕುಮಾರನನ್ನು ಎಚ್ಚರಿಸುತ್ತಾರೆ. ಅವನು ಹೋಗುವುದು ಆ ನಾಲ್ಕನೆಯ ದಿಕ್ಕಿಗೇ. ಹೋಗದಿದ್ದರೆ ಕಥೆಯೇ ಇಲ್ಲವಲ್ಲ! ಇಂದಿನ ಮಕ್ಕಳು ಕಾಮಿಕ್ಸ್, ಸಿನಿಮಾ, ಕಂಪ್ಯೂಟರ್ ಆಟಗಳಲ್ಲಿ ಕಾಣುವ ನಿಷಿದ್ಧ ದ್ವೀಪಗಳ ರೀತಿಯೂ ಇದೇ. ಬೇಡವೆಂದ ಕಡೆಗೆ ನುಗ್ಗಿದವನೇ ಅಲ್ಲಿ ಶೂರ.

ಇಂಥ ದ್ವೀಪ ನಿಜವಾಗಿ ಎಲ್ಲಾದರೂ ಇದೆಯೆ? ಇದೆ. ಹಾಸನ ಜಿಲ್ಲೆಯ ಮಕ್ಕಳು ಅದಕ್ಕಾಗಿ ಸಮುದ್ರ ದಾಟಬೇಕಿಲ್ಲ. ಗೊರೂರು ಅಣೆಕಟ್ಟೆಯಿಂದ ಹೊರಟ ಹೇಮಾವತಿಯ ಜಾಡು ಹಿಡಿದರೆ ಸಾಕು. ಹೊಳೆನರಸೀಪುರದ ಮಗ್ಗುಲಲ್ಲೇ ಹರಿದು ಹೋಗುವ ಈ ಹೊಳೆ ಕೃಷ್ಣರಾಜಸಾಗರದ ಹಿನ್ನೀರಿನ ಬಳಿ ಕಾವೇರಿಯನ್ನು ಕೂಡಿಕೊಳ್ಳುತ್ತದೆ. ಅಲ್ಲಿಂದ ಕೆಳಗೆ, ಶ್ರೀರಂಗಪಟ್ಟಣದ ಸಮೀಪದಲ್ಲಿ, ಕಾವೇರಿಯ ನಡುವೆ ಕೆಲವು ಪುಟ್ಟ ನಡುಗಡ್ಡೆಗಳಿವೆ. ಅದೇ ರಂಗನತಿಟ್ಟು. ಶಾಲೆಯ ಪ್ರವಾಸದಲ್ಲಿ ಅನೇಕರು ನೋಡಿರಬಹುದಾದ ಜಾಗ.

ಈ ನಡುಗಡ್ಡೆಗಳಿಗೂ ಒಂದು ರಾಜರ ಕಥೆಯಿದೆ. ಆದರೆ ಇದು ಇತಿಹಾಸ. 1645ರಿಂದ 1648ರ ಅವಧಿಯಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಒಡ್ಡು ಕಟ್ಟಿಸಿದಾಗ ಇವು ರೂಪುಗೊಂಡವು. ಹಕ್ಕಿಗಳು ಬಂದು ಗೂಡು ಕಟ್ಟಿದವು. ಪಕ್ಷಿ ವಿಜ್ಞಾನಿ ಸಲೀಂ ಅಲಿ ಇಲ್ಲಿ ನೆಲೆಸಿದ್ದ ಹಕ್ಕಿ ಸಂಸಾರಗಳನ್ನು ಕಂಡು, ಮೈಸೂರು ಅರಸರ ಮನವೊಲಿಸಿದ್ದರಿಂದ 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಕರ್ನಾಟಕದಿಂದ ಆ ಪಟ್ಟಿಗೆ ಹೋದ ಮೊದಲ ತಾಣ ಇದೇ.

ಇಲ್ಲಿ ದೋಣಿಯಲ್ಲಿ ಕೂತು ನಡುಗಡ್ಡೆಯ ಹತ್ತಿರ ಹೋಗಬಹುದು, ಇಳಿಯುವಂತಿಲ್ಲ. ಬಂಡೆಗಳ ಮೇಲೆ ಬಾಯಿ ತೆರೆದು ಬಿಸಿಲು ಕಾಯಿಸುವ ಮೊಸಳೆಗಳನ್ನು ನೋಡಿದ ಮಕ್ಕಳು, ನಿಷೇಧ ಇರುವುದು ತಮ್ಮ ಪ್ರಾಣ ಉಳಿಸಲೆಂದೇ ಎಂದುಕೊಳ್ಳುತ್ತಾರೆ. ಅದು ಅರ್ಧ ಸತ್ಯ. ಉಳಿದರ್ಧ ಮರದ ಮೇಲಿದೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ಬೆಳ್ಳಕ್ಕಿ, ನೀರುಕಾಗೆಗಳು ಅಲ್ಲಿ ಒತ್ತೊತ್ತಾಗಿ ಗೂಡು ಕಟ್ಟುತ್ತವೆ. ನಾಯಿ, ನರಿ, ಬೆಕ್ಕುಗಳು ಸುಲಭವಾಗಿ ಬಾರದಂತೆ ಸುತ್ತಲಿನ ನೀರೇ ಕೋಟೆಯ ಕಂದಕವಾಗಿದೆ. ಮನುಷ್ಯ ಅಲ್ಲಿ ಇಳಿದನೆನ್ನಿ. ತಾಯಿ ಹಕ್ಕಿ ಹೆದರಿ ಗೂಡು ಬಿಟ್ಟು ಹಾರುತ್ತದೆ. ಮೊಟ್ಟೆ, ಮರಿಗಳು ಬಿಸಿಲಿಗೆ ಬೇಯುತ್ತವೆ, ಇಲ್ಲವೆ ಕಾಗೆ, ಹದ್ದುಗಳ ಪಾಲಾಗುತ್ತವೆ. ಬಂದವನು ಕಲ್ಲೆಸೆಯಬೇಕಾಗಿಲ್ಲ, ಗೂಡು ಮುಟ್ಟಬೇಕಾಗಿಲ್ಲ. ಅವನು ಬಂದದ್ದೇ ಸಾಕು.

ಕಥೆಗೂ ನಿಜಕ್ಕೂ ಇರುವ ವ್ಯತ್ಯಾಸ ಇದು. ಕಥೆಯ ದ್ವೀಪದಲ್ಲಿ ಅಪಾಯ ಹೋದವನಿಗೆ. ನಿಜವಾದ ದ್ವೀಪದಲ್ಲಿ ಅಪಾಯ ಅಲ್ಲಿರುವವರಿಗೆ.

ಹಕ್ಕಿಗಳ ಮಾತು ಹಾಗಿರಲಿ, ಮನುಷ್ಯರೇ ಹೀಗೆ ಅಪಾಯಕ್ಕೆ ಸಿಕ್ಕಿದ ದ್ವೀಪವೂ ಇದೆ. ಅಂಡಮಾನಿನ ಉತ್ತರ ಸೆಂಟಿನೆಲ್ ದ್ವೀಪದ ಜನ ಹೊರಗಿನವರನ್ನು ಬಿಲ್ಲುಬಾಣದಿಂದ ಎದುರಿಸುತ್ತಾರೆಂಬ ಸುದ್ದಿಯನ್ನು ಜಗತ್ತು ಬಾಯಿ ಚಪ್ಪರಿಸಿ ಕೇಳುತ್ತದೆ. 1880ರಲ್ಲಿ ನಡೆದದ್ದನ್ನು ಹೇಳುವವರು ಕಡಿಮೆ. ಪೋರ್ಟ್‌ಮನ್ ಎಂಬ ಬ್ರಿಟಿಷ್ ಅಧಿಕಾರಿ ಅಲ್ಲಿಂದ ವೃದ್ಧ ದಂಪತಿಯನ್ನೂ ನಾಲ್ಕು ಮಕ್ಕಳನ್ನೂ ಹಿಡಿದು ಪೋರ್ಟ್‌ಬ್ಲೇರಿಗೆ ತಂದ. ಎಲ್ಲರೂ ಕಾಯಿಲೆ ಬಿದ್ದರು, ವೃದ್ಧರಿಬ್ಬರೂ ತೀರಿಕೊಂಡರು. ಮಕ್ಕಳನ್ನು ಕಾಣಿಕೆ ಕೊಟ್ಟು ಹಿಂದಕ್ಕೆ ಕಳಿಸಲಾಯಿತು. ಹೊರಗಿನವರಿಗೆ ನೆಗಡಿಯಷ್ಟೇ ಆದ ರೋಗ ಅಲ್ಲಿನವರಿಗೆ ಮೃತ್ಯುವಾಗಬಹುದು. ಅದನ್ನು ತಡೆಯುವ ಶಕ್ತಿ ಅವರ ದೇಹಕ್ಕೆ ಬಂದಿಲ್ಲ. 1956ರ ಕಾಯಿದೆಯಡಿ ಆ ದ್ವೀಪಕ್ಕೆ ಹೋಗುವುದು ಅಪರಾಧ. ಆದರೂ 2018ರ ನವೆಂಬರಿನಲ್ಲಿ ಅಮೆರಿಕದ ಯುವಕನೊಬ್ಬ ಹೋಗಿ ಪ್ರಾಣ ಕಳೆದುಕೊಂಡ.

ಹಾಗಾದರೆ ಕಟ್ಟುಕಥೆಗಳೆಲ್ಲ ಸುಳ್ಳು, ಬೋರ್ಡು ಮತ್ತು ಕಾಯಿದೆ ಮಾತ್ರ ನಿಜವೆನ್ನಬೇಕೆ? ಅರಕಲಗೂಡು ತಾಲ್ಲೂಕಿನ ರಾಮನಾಥಪುರಕ್ಕೆ ಹೋದವರು ಹಾಗೆನ್ನಲಾರರು. ಅಲ್ಲಿ ಕಾವೇರಿಯ ವಹ್ನಿ ಪುಷ್ಕರಿಣಿಯಲ್ಲಿ ದೊಡ್ಡ ದೊಡ್ಡ ಮೀನುಗಳು ಮೆಟ್ಟಿಲ ಬಳಿಗೇ ಬರುತ್ತವೆ. ಭಕ್ತರು ಪುರಿ ಹಾಕುತ್ತಾರೆ, ಯಾರೂ ಗಾಳ ಹಾಕುವುದಿಲ್ಲ. ಮೀನು ಹಿಡಿಯುವುದನ್ನು ಸರ್ಕಾರವೂ ನಿಷೇಧಿಸಿದೆ, ನಿಜ. ಆದರೆ ಇರುಳೆಲ್ಲ ಹೊಳೆ ಕಾಯಲು ಪೊಲೀಸರಿಂದಾದೀತೆ? ಅದು ದೇವರ ಮೀನು ಎಂದು ಮನೆಯಲ್ಲಿ ಹಿರಿಯರು ಹೇಳಿದ ಮಾತು ಆ ಕೆಲಸವನ್ನು ಮಾಡುತ್ತದೆ.

ಆದ್ದರಿಂದ ಮಕ್ಕಳು "ಯಾಕೆ ಹೋಗಬಾರದು?" ಎಂದು ಕೇಳಿದಾಗ ತಂದೆತಾಯಂದಿರು "ಗುಮ್ಮ ಬರುತ್ತಾನೆ" ಎಂದು ಬಾಯಿ ಮುಚ್ಚಿಸಬಾರದು. ದೊಡ್ಡವರಾದ ಮೇಲೆ ಗುಮ್ಮ ಇಲ್ಲವೆಂಬುದು ಗೊತ್ತಾಗುತ್ತದೆ, ನಿಷೇಧವೂ ಅದರ ಜೊತೆಗೇ ಹೋಗುತ್ತದೆ. ಗೂಡಿನಲ್ಲಿ ಮೊಟ್ಟೆಯಿದೆ ಎಂದು ಹೇಳಿದರೆ ಹಾಗಾಗದು. ಮುಂದಿನ ಸಲ ರಂಗನತಿಟ್ಟಿಗೆ ಹೋದಾಗ ದೋಣಿಯಲ್ಲಿ ಕೂಗಾಡದೆ ಕೂತ ಹುಡುಗ ಯಾವ ರಾಜಕುಮಾರನಿಗೂ ಕಡಿಮೆಯವನಲ್ಲ.