ಇದು ನೂರು ದಿನದ ಚಿತ್ರವಲ್ಲ!

ಯಾವ ನಟಿಗೆ ಮದುವೆ, ಯಾವ ನಟನಿಗೆ ಎಷ್ಟು ಸಂಭಾವನೆ ಎಂದು ಕೇಳುವ ಪತ್ರಗಳ ನಡುವೆ ಈ ವಾರ ಬೇರೆ ಜಾತಿಯ ಪತ್ರವೊಂದು ಬಂದಿದೆ. ಬರೆದವರು ದಾವಣಗೆರೆಯ ಓದುಗ ಸೋದರಿ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ನರ್ಸಿಂಗ್ ಓದಿ ಆಸ್ಪತ್ರೆಯೊಂದರಲ್ಲಿ ಕೆಲಸದಲ್ಲಿದ್ದಾರೆ. ಜಪಾನೀ ಚಿತ್ರಗಳೆಂದರೆ ಪ್ರಾಣ. ಜಪಾನಿಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಬೇಕೆಂಬ ಆಸೆ. ಅವರ ಪ್ರಶ್ನೆ ಇದು: "ಮನೆಯಲ್ಲೇ ಕೂತು, ಪುಸ್ತಕ ಓದಿ, ಸಿನಿಮಾ ನೋಡಿ ಜಪಾನೀ ಭಾಷೆ ಸಲೀಸಾಗಿ ಮಾತಾಡೋಕೆ ಎಷ್ಟು ದಿನ ಬೇಕು ಸಾರ್? ಮೂರು ತಿಂಗಳು ಸಾಕು ಅಂತ ಒಬ್ಬರು ಹೇಳಿದರು. ಕೆಲಸ ಬಿಟ್ಟು ಕೂತುಬಿಡಲಾ?"

ತಾಳಿ ಸೋದರಿ, ರಾಜೀನಾಮೆ ಬರೀಬೇಡಿ!

ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಸಿನಿಮಾ ಪತ್ರಿಕೆಗಳ ಪಕ್ಕದಲ್ಲೇ 'ಮೂವತ್ತು ದಿನಗಳಲ್ಲಿ ಇಂಗ್ಲಿಷ್' ಎಂಬಂಥ ಪುಸ್ತಕಗಳು ನೇತಾಡುತ್ತಿರುತ್ತವೆ. ಮೂವತ್ತೊಂದನೇ ದಿನ ಇಂಗ್ಲಿಷಿನಲ್ಲಿ ಜಗಳ ಆಡಿದವರನ್ನು ನಾವಂತೂ ಕಂಡಿಲ್ಲ. ಭಾಷೆಯ ಲೆಕ್ಕ ದಿನದ್ದಲ್ಲ, ಗಂಟೆಯದು. ಅಮೆರಿಕ ಸರ್ಕಾರ ತನ್ನ ರಾಯಭಾರ ಕಚೇರಿಗಳಿಗೆ ಹೋಗುವವರಿಗೆ ಭಾಷೆ ಕಲಿಸಲು ಒಂದು ಶಾಲೆಯನ್ನೇ ನಡೆಸುತ್ತದೆ. ಅವರ ಲೆಕ್ಕದಲ್ಲಿ ಸ್ಪ್ಯಾನಿಷ್‌ಗೆ ಸುಮಾರು 30 ವಾರ. ಜಪಾನೀ ಭಾಷೆಗೆ? 88 ವಾರ, 2,200 ಗಂಟೆಯ ಪಾಠ! ಅದೂ ಮೇಷ್ಟ್ರು ಎದುರಿಗೆ ಕೂತು ಹೇಳಿಕೊಟ್ಟರೆ. ದಿನಕ್ಕೆ ಎರಡು ಗಂಟೆ ಕೂತರೆ ಮೂರು ವರ್ಷ. ಒಂದು ಗಂಟೆಯಾದರೆ ಆರು ವರ್ಷ. ಅರ್ಧ ಗಂಟೆ ಅಂದಿರೋ, ಹನ್ನೆರಡು ವರ್ಷ... ಪಾಂಡವರ ವನವಾಸ!

ಹೆದರಬೇಡಿ. ಅದು ಇಂಗ್ಲಿಷ್ ಮನೆಮಾತಿನವರ ಲೆಕ್ಕ. ಅವರಿಗೆ ತಲೆಕೆಳಗಾಗಿ ಕಾಣುವ ಜಪಾನೀ ವಾಕ್ಯ ನಮಗೆ ನೆಟ್ಟಗೆ ಕಾಣುತ್ತದೆ. 'ವತಾಶಿ ವ ಮಿಜು ಓ ನೋಮಿಮಾಸ್' ಅಂದರೆ 'ನಾನು ನೀರನ್ನು ಕುಡಿಯುತ್ತೇನೆ'. ಪದದ ಕೆಳಗೆ ಪದ ಬರೆದು ನೋಡಿ, ಒಂದೂ ಜಾಗ ಬದಲಾಗಿಲ್ಲ. ನಮ್ಮ 'ಅನ್ನು' ಕೂರುವ ಕಡೆ ಅವರ 'ಓ' ಕೂರುತ್ತದೆ. 'ಕಿಮಾಸ್ ಕಾ' ಅಂದರೆ 'ಬರ್ತೀರಾ'. ನಾವು 'ತಿಂದು ನೋಡು' ಅನ್ನುತ್ತೇವಲ್ಲ, ಅವರೂ ಹಾಗೇ 'ತಬೆತೆ ಮಿರು' ಅನ್ನುತ್ತಾರೆ. 'ಮಿರು' ಅಂದರೆ ನೋಡುವುದು! ಮನೆಯಿಂದ ಹೊರಡುವಾಗ ನಮ್ಮ ಹಾಗೆಯೇ 'ಹೋಗಿ ಬರ್ತೀನಿ' ಅಂತಾರೆ, 'ಇತ್ತೆ ಕಿಮಾಸ್'. ಹಾಗಂತ ಎರಡೂ ಒಂದೇ ತಾಯಿಯ ಮಕ್ಕಳು ಎಂದುಕೊಳ್ಳಬೇಡಿ. ನಡಿಗೆ ಒಂದೇ ಥರ, ಅಷ್ಟೆ.

ಉಚ್ಚಾರಣೆಯಲ್ಲೂ ನಮ್ಮದೇ ಮೇಲುಗೈ. 'ಒಬಸಾನ್' ಅಂದರೆ ಅತ್ತೆ ಅಥವಾ ಚಿಕ್ಕಮ್ಮ, 'ಒಬಾಸಾನ್' ಅಂದರೆ ಅಜ್ಜಿ. ಹ್ರಸ್ವ ದೀರ್ಘ ತಪ್ಪಿದರೆ ಚಿಕ್ಕಮ್ಮನಿಗೆ ಮುಪ್ಪು! ಒಂದನೇ ಕ್ಲಾಸಿನಲ್ಲೇ ಕಾಗುಣಿತ, ಒತ್ತಕ್ಷರ ತಿದ್ದಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ವಿಲನ್ ಪ್ರವೇಶ. ಜಪಾನೀ ಬರವಣಿಗೆಗೆ ಒಂದಲ್ಲ, ಮೂರು ಲಿಪಿ. ಹಿರಗಾನ, ಕತಕಾನ ಎರಡರಲ್ಲೂ ತಲಾ 46 ಮೂಲಾಕ್ಷರ. ಅ, ಕ, ಸ, ತ, ನ ಎಂದು ಅವುಗಳನ್ನು ಜೋಡಿಸಿರುವ ಕ್ರಮವೇ ಬೌದ್ಧರ ಮೂಲಕ ಹೋದ ನಮ್ಮ ವರ್ಣಮಾಲೆಯ ಪ್ರಭಾವ. ಮೂರು ವಾರದಲ್ಲಿ ಮುಗಿಸಬಹುದು. ನಿಜವಾದ ವಿಲನ್ ಚೀನಾದಿಂದ ಬಂದ ಚಿತ್ರಾಕ್ಷರ, ಕಾಂಜಿ. ದಿನಬಳಕೆಗೆಂದು ಸರ್ಕಾರ 2010ರಲ್ಲಿ ಮಾಡಿದ ಪಟ್ಟಿಯಲ್ಲಿ 2,136 ಇವೆ. ಅಲ್ಲಿನ ಮಕ್ಕಳೇ ಪ್ರಾಥಮಿಕ ಶಾಲೆಯ ಆರು ವರ್ಷದಲ್ಲಿ ಕಲಿಯುವುದು 1,026. ಸಾಲದ್ದಕ್ಕೆ ಬಹಳಷ್ಟಕ್ಕೆ ಡಬಲ್ ಆಕ್ಟಿಂಗ್! ಭಾನುವಾರಕ್ಕೆ 'ನಿಚಿಯೋಬಿ' ಎನ್ನುತ್ತಾರೆ. ಅದರಲ್ಲಿ ಒಂದೇ ಅಕ್ಷರ ಎರಡು ಸಲ ಬರುತ್ತದೆ, ಮೊದಲು 'ನಿಚಿ', ಕೊನೆಗೆ 'ಬಿ'. ಇಲ್ಲಿ ಕನ್ನಡಿಗರಿಗೆ ರಿಯಾಯಿತಿ ಇಲ್ಲ. ದಿನಾ ಐದೈದು ಬರೆದು, ಮರೆತು, ಮತ್ತೆ ಬರೆಯಬೇಕು.

ಸಿನಿಮಾ ನೋಡಿ ಕಲಿಯಬಹುದೇ? ಕಿವಿ ಪಳಗುತ್ತದೆ, ನಿಜ. ಆದರೆ 1998ರಲ್ಲಿ ರಜನಿಕಾಂತ್ ಅವರ ತಮಿಳು 'ಮುತ್ತು' ಟೋಕಿಯೋದಲ್ಲಿ ತಿಂಗಳುಗಟ್ಟಲೆ ಓಡಿತು. ನೋಡಿದವರೆಲ್ಲ ತಮಿಳು ಕಲಿತರೇ? ಸಬ್‌ಟೈಟಲ್ ಓದಿ ಸಂತೋಷಪಟ್ಟರು. ತಮಿಳು ಕಲಿತವರು ಬೆಂಗಳೂರಿನಿಂದ ಮದರಾಸಿಗೆ ಹೋಗಿ, ಆ ಜನರ ನಡುವೆ ಬಾಳಿದ ರಜನಿಯೇ! ಇನ್ನು ಯಾವ ಚಿತ್ರ ನೋಡುತ್ತೀರಿ ಎಂಬುದೂ ಮುಖ್ಯ. ಕುರೊಸಾವಾರ 'ಸೆವೆನ್ ಸಮುರಾಯ್' (1954) ಅದ್ಭುತ ಚಿತ್ರ. ನಮ್ಮ 'ಒಂದಾನೊಂದು ಕಾಲದಲ್ಲಿ' (1978) ಚಿತ್ರಕ್ಕೂ ಅವರ ಸಮುರಾಯ್ ಚಿತ್ರಗಳೇ ಪ್ರೇರಣೆ. ಆದರೆ ಅಲ್ಲಿನ ಭಾಷೆ ಕಲಿತು ಟೋಕಿಯೋ ಬಸ್ಸು ಹತ್ತಿದರೆ, 'ಬಭ್ರುವಾಹನ' ನೋಡಿ ಕನ್ನಡ ಕಲಿತವನು ಮೆಜೆಸ್ಟಿಕ್‌ನಲ್ಲಿ ಕಂಡಕ್ಟರನ್ನು "ಎಲೈ ನಿರ್ವಾಹಕನೇ" ಎಂದು ಕರೆದ ಹಾಗಾಗುತ್ತದೆ!

ಈಗ ನಿಮ್ಮ ಕೆಲಸದ ಮಾತು. ವಯೋವೃದ್ಧರ ಆರೈಕೆಯೂ ಸೇರಿದಂತೆ ಕೆಲವು ಕೆಲಸಗಳಿಗೆ ಜಪಾನ್ 2019ರಲ್ಲಿ ಹೊಸ ವೀಸಾ ತಂದಿತು. 2021ರ ಜನವರಿಯಲ್ಲಿ ಭಾರತದೊಂದಿಗೆ ಒಪ್ಪಂದವೂ ಆಯಿತು. ಅದಕ್ಕೆ ಐದು ಮೆಟ್ಟಿಲಿನ ಭಾಷಾ ಪರೀಕ್ಷೆಯಲ್ಲಿ ಕೆಳಗಿನಿಂದ ಎರಡನೆಯದು, ಎನ್-4, ಅಥವಾ ಅದಕ್ಕೆ ಸಮನಾದ ಪರೀಕ್ಷೆ ಪಾಸಾಗಬೇಕು. ಆರೈಕೆ ಕೆಲಸಕ್ಕೆ ಅದರದೇ ಶಬ್ದಗಳ ಪರೀಕ್ಷೆ ಬೇರೆ. ಎನ್-4ಕ್ಕೆ ಸರಿಸುಮಾರಾದ ಹಳೆಯ ಪರೀಕ್ಷೆಗೆ 300 ಗಂಟೆ ಪಾಠ, 300 ಕಾಂಜಿ, 1,500 ಪದ ಎಂಬ ಲೆಕ್ಕವಿತ್ತು. ದಿನಕ್ಕೊಂದು ಗಂಟೆಯಂತೆ ಹತ್ತು ತಿಂಗಳು. ಮೇಷ್ಟ್ರಿಲ್ಲದೆ, ಡ್ಯೂಟಿ ಮಾಡಿಕೊಂಡು ಓದುವವರು ಒಂದೂವರೆ ವರ್ಷ ಎಂದಿಟ್ಟುಕೊಳ್ಳಿ. ಮೂರು ತಿಂಗಳ ಗ್ಯಾರಂಟಿ ಕೊಟ್ಟು ಮುಂಗಡ ಕೇಳುವವರ ಹತ್ತಿರ ಸುಳಿಯಬೇಡಿ.

ಆದರೆ ಪಾಸಾದ ಮಾತ್ರಕ್ಕೆ ಭಾಷೆ ಬಂತು ಎಂದಲ್ಲ. ಎನ್-4 ಪರೀಕ್ಷೆಯಲ್ಲಿ ಓದುವುದಿದೆ, ಕೇಳುವುದಿದೆ, ಮಾತಾಡುವುದೇ ಇಲ್ಲ! ರಾತ್ರಿ ಪಾಳಿಯಲ್ಲಿ ಅಜ್ಜಿಯೊಬ್ಬರು ತಲೆ ಹಿಡಿದುಕೊಂಡು 'ಜುಕಿಜುಕಿ' ಅಂದರೆ ಮಿಡಿಯುವ ನೋವು, 'ಗಂಗನ್' ಅಂದರೆ ಸುತ್ತಿಗೆಯಿಂದ ಬಡಿದಂಥ ನೋವು. ಡಾಕ್ಟರಿಗೆ ಹೇಳಬೇಕಾದವರು ನೀವು. ಆಗ ಪುಸ್ತಕ ತೆರೆದು ಹುಡುಕಲು ಸಮಯ ಇರುವುದಿಲ್ಲ. ಸ್ವಂತ ಓದಿನಿಂದ ಅರ್ಧ ದಾರಿ ಹೋಗಬಹುದು. ಉಳಿದರ್ಧಕ್ಕೆ ತಪ್ಪು ತಿದ್ದುವ ಇನ್ನೊಂದು ಬಾಯಿ ಬೇಕು. ವಾರಕ್ಕೊಂದು ಗಂಟೆಯಾದರೂ ಜಪಾನೀ ಬಲ್ಲವರೊಡನೆ ಫೋನಿನಲ್ಲೇ ಮಾತಾಡಿ. ಬಾಗಿಲು ತೆರೆಯುವುದಕ್ಕೆ ಒಂದೂವರೆ ವರ್ಷ, ಸಲೀಸಾಗಿ ಮಾತಾಡುವುದಕ್ಕೆ ಜಪಾನಿಗೆ ಹೋದಮೇಲೂ ಇನ್ನೆರಡು ಮೂರು ವರ್ಷ. ಇದು ನಮ್ಮ ಅಂದಾಜು. ಸಂಬಳ ಬರುವ ಕೆಲಸ ಮಾತ್ರ ಅಲ್ಲಿಯವರೆಗೂ ಕೈಯಲ್ಲಿರಲಿ. ಪರೀಕ್ಷೆ ಜುಲೈ, ಡಿಸೆಂಬರ್ ತಿಂಗಳ ಮೊದಲ ಭಾನುವಾರ ನಡೆಯುತ್ತದೆ. ಪಾಸಾದ ದಿನ ನಮಗೊಂದು ಕಾರ್ಡು ಹಾಕಿ. ಆಗಲೂ ಹೆಸರು ಹಾಕಬೇಡಿ ಅಂದರೆ ಒಪ್ಪುವುದಿಲ್ಲ!